ಏಳನೆಯ ಗಾಲಿ

ಜನವರಿ 9

ಅಕ್ಕಾ,

ಮೂರು ತಿಂಗಳಿಂದ ಒಂದು ಸಾಲೂ ಬರೆಯದವನು ಈಗ ಬರೆದಿದ್ದಾನೆ ಎಂದರೆ ಏನೋ ಕೆಲಸ ಬಿದ್ದಿದೆ ಎಂದು ಲಕೋಟೆ ಒಡೆಯುವ ಮೊದಲೇ ಊಹಿಸಿರುತ್ತೀಯ. ಹೌದು, ಬಿದ್ದಿದೆ. ಬೈಯುವುದನ್ನೆಲ್ಲ ಕೊನೆಗೆ ಒಟ್ಟಿಗೆ ಬೈದುಬಿಡು.

ನಮ್ಮ ಹೊಸ ಕ್ಯಾಸೆಟ್ಟಿಗೆ ಒಂಬತ್ತು ಹಾಡು ಮುಗಿದಿವೆ. ಒಂಬತ್ತೂ ನಮ್ಮ ಮಾಮೂಲಿ ಹಾರ್ಡ್ ರಾಕ್, ಗೋಡೆಯ ಗಾರೆ ಉದುರಿಸುವಂಥವು. ಹತ್ತನೆಯದು ನಿಧಾನದ್ದು ಬೇಕೆಂದು ಕಂಪನಿಯವರು ಪಟ್ಟು ಹಿಡಿದಿದ್ದಾರೆ. ಮೆತ್ತಗೆ ಶುರುವಾಗಿ, ಎದೆ ಹಿಂಡಿ, ಕೊನೆಗೆ ಬಿರುಗಾಳಿಯಂತೆ ಏಳಬೇಕಂತೆ. ಪವರ್ ಬ್ಯಾಲಡ್ ಎನ್ನುತ್ತಾರೆ. ಅದೊಂದಿದ್ದರೆ ಮಾತ್ರ ರೇಡಿಯೋದವರು ನಮ್ಮನ್ನು ಒಳಗೆ ಬಿಟ್ಟುಕೊಳ್ಳುತ್ತಾರಂತೆ. ನಮ್ಮ ಡ್ರಮ್ಮರನ್ನು ಗುಡುಗು ಎನ್ನುತ್ತೇವೆ, ಅವನು ಎರಡು ದಿನದಿಂದ ಮುಖ ಊದಿಸಿಕೊಂಡಿದ್ದಾನೆ. ಹಾಡುಗಾರನಿಗೆ ನಾವು ಗಂಟಲು ಎಂದೇ ಕರೆಯುವುದು. "ಹಾಡು ಬರೆಯುವವನು ನೀನು, ಬರೆದುಕೊಂಡು ಬಾ" ಎಂದು ಅವನು ಕೈತೊಳೆದುಕೊಂಡಿದ್ದಾನೆ. ಎಂಟು ರಾಗ ಕಟ್ಟಿದೆ. ಎಂಟೂ ಸಪ್ಪೆ.

ಇವತ್ತು ಬೆಳಿಗ್ಗೆ ಹೋಟೆಲಿನ ಹಾಸಿಗೆಯಲ್ಲಿ ಎಚ್ಚರವಾದಾಗ ಏನೋ ಕಡಿಮೆಯಾಗಿದೆ ಅನ್ನಿಸಿತು. ಆಮೇಲೆ ಹೊಳೆಯಿತು. ನಮ್ಮ ಮನೆಯಲ್ಲಿ ನಾನು ಎದ್ದದ್ದೆಲ್ಲ ಹಿತ್ತಲ ಗೋಡೆಯಾಚೆಯ ರೈಲು ಯಾರ್ಡಿನ ಸದ್ದಿಗೆ. ಅಪ್ಪ ಬೋಗಿಯಿಂದ ಬೋಗಿಗೆ ನಡೆಯುತ್ತ, ಉದ್ದ ಹಿಡಿಯ ಸುತ್ತಿಗೆಯಿಂದ ಗಾಲಿಗಳನ್ನು ಒಂದೊಂದಾಗಿ ತಟ್ಟುವ ಸದ್ದು. ಟಣ್, ನಾಲ್ಕು ಹೆಜ್ಜೆ, ಟಣ್. ಗಾಲಿ ಗಟ್ಟಿಯಿದ್ದರೆ ಗಂಟೆಯ ಹಾಗೆ ಹಾಡುತ್ತದೆ, ಬಿರುಕು ಬಿಟ್ಟಿದ್ದರೆ ದಡ್ ಎಂದು ಸುಮ್ಮನಾಗುತ್ತದೆ. ನನಗೆ ಬಂದ ಮೊದಲ ಸಂಗೀತ ಪಾಠ ಅದೇ. ಎಂಟು ತಿಂಗಳು ಎರಡನೇ ಸುತ್ತಿಗೆ ಹಿಡಿದು ಅವರ ಹಿಂದೆ ನಡೆದೆನಲ್ಲ. ಆ ಸುತ್ತಿಗೆ ಬಿಟ್ಟು ಗಿಟಾರ್ ಹಿಡಿದದ್ದಕ್ಕೆ ಆರು ವರ್ಷದಿಂದ ಅವರು ನನ್ನೊಡನೆ ಮಾತಾಡಿಲ್ಲ.

ಆ ಸದ್ದು ನನಗೆ ಬೇಕು ಅಕ್ಕಾ. ನಿನ್ನ ಪಾರ್ಸೆಲ್ ಕಚೇರಿಯ ಪುಟ್ಟ ಟೇಪ್ ರೆಕಾರ್ಡರ್ ಇದೆಯಲ್ಲ, ಅದನ್ನು ಕೋಟಿನೊಳಗೆ ಇಟ್ಟುಕೊಂಡು ಒಂದು ಬೆಳಿಗ್ಗೆ ಅವರ ಹಿಂದೆ ನಡೆದುಬಿಡು. ಅವರಿಗೆ ಹೇಳಬೇಡ. ಹೇಳಿದರೆ ಸುತ್ತಿಗೆಯನ್ನೇ ಮನೆಯಲ್ಲಿಟ್ಟು ಹೋಗಿಯಾರು.

ನಿನ್ನ ತಮ್ಮ

*

ಜನವರಿ 21

ಲೋ ತಮ್ಮಾ,

ಕಳ್ಳತನಕ್ಕೆ ಅಕ್ಕ ಬೇಕು, ಕ್ಷೇಮ ವಿಚಾರಿಸುವುದಕ್ಕೆ ಬೇಡ. ಇರಲಿ. ಕ್ಯಾಸೆಟ್ ಇದರ ಜೊತೆಗಿದೆ. ಹತ್ತಿಯಲ್ಲಿ ಸುತ್ತಿದ್ದೇನೆ, ನಾನೇ ತೂಕ ಹಾಕಿ ಮುದ್ರೆ ಒತ್ತಿದ್ದೇನೆ. ಒಡೆದು ಬಂದರೆ ನಮ್ಮ ಕಚೇರಿಗೆ ದೂರು ಕೊಡು, ಆ ದೂರನ್ನೂ ನಾನೇ ತೆಗೆದುಕೊಳ್ಳುತ್ತೇನೆ.

ನಿನ್ನೆ ಗುರುವಾರ ಬೆಳಿಗ್ಗೆ ಎರಡನೇ ಹಳಿಯಲ್ಲಿ ನಿಂತಿದ್ದ ಗಾಡಿ. ಅಪ್ಪನಿಗೆ ಬುತ್ತಿ ಕೊಡುವ ನೆವ ಮಾಡಿಕೊಂಡು ಹೋದೆ. ಇಂಜಿನ್ನಿನ ಕಡೆಯಿಂದ ಮೊದಲನೇ ಬೋಗಿಯ ಮೊದಲನೇ ಗಾಲಿಗೆ ಅವರು ಸುತ್ತಿಗೆ ಎತ್ತಿದಾಗ ಗುಂಡಿ ಒತ್ತಿದೆ. ಶುರುವಿನಲ್ಲಿ ನಾನು ಕೆಮ್ಮಿದ್ದು ಕೇಳುತ್ತದೆ, ಕತ್ತರಿಸಿಕೊ. ಆ ಚಳಿಯಲ್ಲಿ, ಆ ಮಂಜಿನಲ್ಲಿ, ಅಪ್ಪ ಹಿಂದೆ ಮುಂದೆ ನೋಡದೆ ನಡೆದರು ಕಣೋ. ನೋಡುತ್ತ ನನಗೆ ಒಂಥರಾ ಮೈ ಜುಮ್ಮೆಂದಿತು. ಮೂವತ್ತನಾಲ್ಕು ವರ್ಷದಲ್ಲಿ ಒಂದೇ ಒಂದು ಕೆಟ್ಟ ಗಾಲಿಯನ್ನು ಬಿಟ್ಟಿಲ್ಲ ಅವರು. ಯಾರ್ಡಿನಲ್ಲಿ ಈಗಲೂ ಅಪ್ಪ ಮುಂದಿನ ಗಾಲಿಗೆ ಹೋದರೆಂದರೆ ಹಿಂದಿನದು ಸರಿಯಿದೆ ಎಂದೇ ಲೆಕ್ಕ. ಯಾರೂ ಎರಡನೇ ಸಲ ತಟ್ಟುವುದಿಲ್ಲ.

ನಿನ್ನ ಮೇಲಿನ ಸಿಟ್ಟು ಇಳಿದಿಲ್ಲ. ಊಟಕ್ಕೆ ಕೂತಾಗ ನಿನ್ನ ಸುದ್ದಿ ಎತ್ತಿದರೆ ಕೇಳಿಸದವರ ಹಾಗೆ ತಟ್ಟೆ ನೋಡುತ್ತಿರುತ್ತಾರೆ. ಈಚೆಗೆ ನನ್ನ ಮಾತಿಗೂ ಹಾಗೇ. ಎರಡು ಸಲ ಕೂಗಬೇಕು. ವಯಸ್ಸಾದ ಹಾಗೆ ಬಿಗುಮಾನ ಜಾಸ್ತಿಯಾಗುತ್ತಿದೆ.

ಹಾಡು ಚೆನ್ನಾಗಿ ಬರದಿದ್ದರೆ ನಾನು ಚಳಿಯಲ್ಲಿ ಕೆಮ್ಮಿದ್ದು ವ್ಯರ್ಥ, ನೆನಪಿರಲಿ.

ಅಕ್ಕ

*

ಫೆಬ್ರವರಿ 26

ಅಕ್ಕಾ, ಅಕ್ಕಾ, ಅಕ್ಕಾ,

ಹೇಗೆ ಬರೆಯಲಿ ಗೊತ್ತಾಗುತ್ತಿಲ್ಲ.

ನಮ್ಮ ಧ್ವನಿಮುದ್ರಣದ ಮೇಷ್ಟ್ರಿಗೆ ಐವತ್ತು ದಾಟಿದೆ. ಎಂಥ ಹಾಡು ಕೇಳಿದರೂ ಮೂಗು ಮುರಿಯುವ ಆಸಾಮಿ. ನೀನು ಕಳಿಸಿದ ಕ್ಯಾಸೆಟ್ ಹಾಕಿ, ಯಂತ್ರದ ಮುಂದೆ ಕೂತು, ಸದ್ದು ಏರಿಸಿದರು. ಟಣ್. ಅಪ್ಪನ ಬೂಟಿನಡಿ ಜಲ್ಲಿಕಲ್ಲು. ಟಣ್. ನನ್ನ ತಲೆಕೂದಲು ನಿಂತವು. ನಮ್ಮ ಗುಡುಗು, ನಿಧಾನ ಎಂದರೆ ಬೆನ್ನು ತಿರುಗಿಸುವವನು, ಕೋಲು ಕೆಳಗಿಟ್ಟು ಹೇಳಿದ: "ಇದಕ್ಕೆ ನಾನು ಏನೂ ಬಾರಿಸಲ್ಲ. ಇದಿರಲಿ ಸಾಕು."

ಹನ್ನೆರಡು ಏಟು ಇಟ್ಟುಕೊಂಡೆವು. ಶುರುವಿನಿಂದಲೇ, ಒಂದನ್ನೂ ಬಿಡದೆ. ಮೂರು ಬೋಗಿ, ಒಂದು ಮಗ್ಗುಲಿಗೆ ನಾಲ್ಕು ಗಾಲಿಯಂತೆ ಹನ್ನೆರಡು. ಅದರಲ್ಲಿ ಏಳನೆಯದು ಬೇರೆ ಅಕ್ಕಾ. ಉಳಿದವೆಲ್ಲ ಗಂಟೆ. ಏಳನೆಯದು ಮೆತ್ತಗಿದೆ, ಮಂಕಾಗಿದೆ, ಬಾಯಿ ಮುಚ್ಚಿಕೊಂಡು ಅತ್ತ ಹಾಗಿದೆ. ಮೇಷ್ಟ್ರು ಅದನ್ನು ಕತ್ತರಿಸಿ ಆರನೆಯದನ್ನೇ ಇನ್ನೊಮ್ಮೆ ಅಂಟಿಸೋಣ ಎಂದರು. ನಾನು ಅವರ ಕೈ ಹಿಡಿದುಕೊಂಡೆ. ಅಪ್ಪ ಆ ಏಟನ್ನು ಮೆತ್ತಗೆ ಹಾಕಿದ್ದಾರೆ. ಯಾಕೆ ಹಾಕಿದರು? ಹಿಂದೆ ನೀನು ನಡೆಯುತ್ತಿದ್ದೀಯ, ಎರಡನೇ ಹೆಜ್ಜೆಯ ಸದ್ದು ಅವರಿಗೆ ಕೇಳಿದೆ, ಒಂದು ಕ್ಷಣ ನಾನೇ ಬಂದೆ ಅಂದುಕೊಂಡಿದ್ದಾರೆ. ನಗಬೇಡ. ನನಗೆ ಹಾಗೆ ಅನ್ನಿಸಿತು, ಅನ್ನಿಸಿದ್ದನ್ನು ಬರೆಯುತ್ತಿದ್ದೇನೆ.

ಗಂಟಲು ಸರಿಯಾಗಿ ಆ ಏಳನೆಯ ಏಟಿನ ಮೇಲೆ ಬಾಯಿ ತೆರೆಯುತ್ತಾನೆ, ಪಿಸುಮಾತಿನ ಹಾಗೆ:

ಒಂದೊಂದಾಗಿ ತಟ್ಟಿ ನೋಡು ನನ್ನನು,
ಎಲ್ಲಿ ಒಡೆದಿದೆ, ನಿನಗಷ್ಟೇ ಕೇಳೀತು.

ಕೇಳಿದವರೆಲ್ಲ ಹುಡುಗಿಗೆ ಬರೆದದ್ದು ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ. ನಾನು ಯಾರಿಗೆ ಬರೆದೆ ಎಂದು ನಿನಗೆ ಗೊತ್ತಿದ್ದರೆ ಸಾಕು. ಒಂದೇ ಸಲಕ್ಕೆ ಹಾಡಿ ಮುಗಿಸಿದ. ಕೊನೆಯಲ್ಲಿ ನಾವೆಲ್ಲ ಸೇರಿ ಗಾಜು ಅದುರುವಂತೆ ಬಾರಿಸಿದೆವು. ಮುಗಿದ ಮೇಲೆ ಮೇಷ್ಟ್ರು ಎದ್ದು ಹೋಗಿ ಮುಖ ತೊಳೆದುಕೊಂಡು ಬಂದರು.

ತಮ್ಮ

*

ಜೂನ್ 2

ಅಕ್ಕಾ,

ಎಲ್ಲಿದ್ದೀಯೇ? ಎರಡು ಕಾಗದ ಹಾಕಿದೆ, ಉತ್ತರವಿಲ್ಲ. ಪಾರ್ಸೆಲ್ ಜೊತೆ ನಿನ್ನನ್ನೂ ಕಟ್ಟಿ ಕಳಿಸಿಬಿಟ್ಟರೇ?

ಹಾಡು ಹೊರಗೆ ಬಂದು ಮೂರು ವಾರ. ಎಲ್ಲಿ ಹೋದರೂ ಅದೇ. ಕ್ಷೌರದಂಗಡಿ, ಬಸ್ಸು, ಆಸ್ಪತ್ರೆಯ ಪಡಸಾಲೆ. ನಿನ್ನೆಯ ಕಾರ್ಯಕ್ರಮಕ್ಕೆ ಒಂಬತ್ತು ಸಾವಿರ ಜನ. ಮೊದಲ ಟಣ್ ಕೇಳಿದ ಕೂಡಲೇ ಅಷ್ಟೂ ಜನ ಬಾಯಿ ಮುಚ್ಚಿದರು. ಅವರು ಬೆರಳಲ್ಲಿ ಎಣಿಸುತ್ತಾರೆ ಅಕ್ಕಾ, ಏಳಕ್ಕೆ ಉಸಿರು ಹಿಡಿದು ಕಾಯುತ್ತಾರೆ. ನಮ್ಮಪ್ಪನ ಒಂದು ಏಟಿಗೆ ಒಂಬತ್ತು ಸಾವಿರ ಜನ! ವೇದಿಕೆಯ ಮೇಲೆ ನಿಂತು ನಾನು ದಂಗಾಗಿಬಿಟ್ಟೆ.

ಅಪ್ಪ ಕೇಳಿದರೇ? ಅದೊಂದು ಹೇಳು. ಏನಂದರು ಅಂತಲೂ ಬೇಡ, ಕೇಳಿದರೋ ಇಲ್ಲವೋ ಅಷ್ಟು ಸಾಕು. ಹದಿನೇಳರವರೆಗೆ ಇದೇ ಹೋಟೆಲಿನಲ್ಲಿರುತ್ತೇವೆ.

ತಮ್ಮ

*

ಜೂನ್ 10

ತಮ್ಮಾ,

ಕಚೇರಿಯ ಕೆಲಸದಲ್ಲಿ ಉತ್ತರ ಬರೆಯಲಾಗಲಿಲ್ಲ. ಹಾಡನ್ನು ಮೊನ್ನೆ ಮೊದಲ ಸಲ ಕೇಳಿದೆ. ಚೆನ್ನಾಗಿದೆ.

ಒಂದು ವಿಷಯ ತಿಳಿಯಬೇಕು. ಆ ಹನ್ನೆರಡು ಏಟುಗಳಲ್ಲಿ ನಿಮ್ಮ ಮೇಷ್ಟ್ರು ಯಂತ್ರದಲ್ಲಿ ಏನಾದರೂ ಕೈಯಾಡಿಸಿದ್ದಾರೆಯೇ? ಏಳನೆಯದನ್ನು ಮಂಕು ಮಾಡಿದ್ದು ನೀವೋ, ಅಥವಾ ನಾನು ಕಳಿಸಿದ್ದರಲ್ಲಿ ಹಾಗೇ ಇತ್ತೋ? ಫೆಬ್ರವರಿಯಲ್ಲಿ ನೀನು ಬರೆದದ್ದನ್ನು ಮತ್ತೆ ಓದಿದೆ. ನಿನ್ನ ಉತ್ಸಾಹದಲ್ಲಿ ಹೆಚ್ಚು ಕಡಿಮೆ ಬರೆದಿರಬಹುದು. ಸರಿಯಾಗಿ ನೆನಪು ಮಾಡಿಕೊಂಡು ಹೇಳು. ಮೇಷ್ಟ್ರನ್ನೂ ಕೇಳು. ಕಾಗದ ಬೇಡ, ತಂತಿ ಕೊಡು. ಕಾರಣ ಕೇಳಬೇಡ.

ಅಪ್ಪ ಹಾಡು ಕೇಳಿಲ್ಲ.

ಅಕ್ಕ

*

ತಂತಿ. ಜೂನ್ 14

ಏನೂ ಮುಟ್ಟಿಲ್ಲ. ಮೇಷ್ಟ್ರದೂ ಅದೇ ಮಾತು. ಏಳನೆಯದು ಅಪ್ಪನದೇ. ಅದೇ ಹಾಡಿನ ಜೀವ. ತಪ್ಪು ಹುಡುಕಿದ್ದು ಸಾಕು, ಮೆಚ್ಚಿಕೊ. ತಮ್ಮ.

*

ಜೂನ್ 19

ತಮ್ಮಾ,

ಕೂತುಕೊಂಡು ಓದು.

ಆ ಏಳನೆಯ ಏಟು ಮೆತ್ತಗಿರಲಿಲ್ಲ. ಆ ಗಾಲಿ ಬಿರುಕು ಬಿಟ್ಟಿತ್ತು.

ಜೂನ್ ಎಂಟಕ್ಕೆ ಕಚೇರಿಯ ರೇಡಿಯೋದಲ್ಲಿ ಹಾಡು ಬಂತು. ಆರು ಏಟಿನವರೆಗೆ ನನಗೆ ಹೆಮ್ಮೆಯಿಂದ ಎದೆ ಉಬ್ಬಿತ್ತು. ಏಳನೆಯದು ಕೇಳಿದ್ದೇ ಕೈಯಲ್ಲಿದ್ದ ಮುದ್ರೆ ಕೆಳಗಿಟ್ಟೆ. ಆ ಸದ್ದು ಹೇಗಿರುತ್ತದೆಂದು ನಮ್ಮಿಬ್ಬರಿಗೂ ಅಪ್ಪ ಚಿಕ್ಕಂದಿನಲ್ಲೇ ಕಲಿಸಿದ್ದರಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಜನವರಿಯಲ್ಲಿ ಅಪ್ಪನ ಹಿಂದೆ ನಿಂತು ನಾನದನ್ನು ಕೇಳಿದ್ದೆ. ನಿನಗೆ ಬರೆಯಲಿಲ್ಲ, ಅಷ್ಟೇ. ದಡ್ ಎಂದಿತು, ನಾನು ತಲೆಯೆತ್ತಿದೆ, ಅಪ್ಪ ಎಂಟನೆಯದಕ್ಕೆ ಹೋಗಿಬಿಟ್ಟರು. ಅವರೇ ಹೋದ ಮೇಲೆ ನನ್ನ ಕಿವಿಯದೇ ತಪ್ಪು ಅಂದುಕೊಂಡೆ.

ನಿನ್ನ ತಂತಿ ಬರುವವರೆಗೆ ಬಾಯಿಗೆ ಬೀಗ ಹಾಕಿಕೊಂಡು ಕೂತೆ. ನಿಮ್ಮ ಯಂತ್ರದ ಕರಾಮತ್ತಾಗಿದ್ದರೆ ಅಪ್ಪನ ಹೆಸರು ಸುಮ್ಮನೆ ಕೆಡುವುದು ಬೇಡ ಎಂದು. ಆ ಬೋಗಿಗಳು ವಾರಕ್ಕೊಮ್ಮೆ ನಮ್ಮ ಯಾರ್ಡಿಗೆ ಬರುತ್ತವೆ, ಗಾಲಿ ತಟ್ಟುವುದು ಇಲ್ಲಿ ಮಾತ್ರ. ಉಳಿದ ದಿನವೆಲ್ಲ ಜನರನ್ನು ತುಂಬಿಕೊಂಡು ಓಡುತ್ತವೆ. ಆರು ದಿನ ಪ್ರತಿ ಗಾಡಿ ಹೊರಟಾಗಲೂ ಕಿಟಕಿಗೆ ಹೋಗಿ ಅದರ ಗಾಲಿಗಳನ್ನೇ ನೋಡುತ್ತ ನಿಂತೆ. ಒಂದು ಅನಾಹುತ ಆಗಿದ್ದರೆ ಆ ಪಾಪ ಪೂರ್ತಿ ನನ್ನ ತಲೆಗೇ. ಅಪ್ಪನ ಮರ್ಯಾದೆಯನ್ನು ಒಂದು ಕಡೆ, ಗುರುತಿಲ್ಲದ ಜನರ ಜೀವವನ್ನು ಇನ್ನೊಂದು ಕಡೆ ಇಟ್ಟು ಆರು ದಿನ ತೂಗಿದವಳು ನಾನು. ನನಗೆ ನನ್ನ ಮೇಲೇ ಅಸಹ್ಯ.

ಹದಿನೈದಕ್ಕೆ ಅಪ್ಪನ ಪಾಳಿ ಮುಗಿದ ಕೂಡಲೇ ನಿಲ್ದಾಣದೆದುರಿನ ಕ್ಯಾಸೆಟ್ ಅಂಗಡಿಗೆ ಕರೆದುಕೊಂಡು ಹೋದೆ. ಅಂಗಡಿಯವನ ಹತ್ತಿರ ನನ್ನೆತ್ತರದ ಎರಡು ಸ್ಪೀಕರ್ ಇವೆ. ಪೂರ್ತಿ ಏರಿಸು ಎಂದೆ. ಗಾಜು ಒಡೆದರೆ ಯಾರು ಜವಾಬ್ದಾರಿ ಎಂದು ಗೊಣಗಿದ, ಏರಿಸಿದ. ಮಗನ ಹಾಡು ಎಂದು ಅಪ್ಪನಿಗೆ ಹೇಳಲಿಲ್ಲ. ಏನನ್ನೂ ಹೇಳಲಿಲ್ಲ.

ಮೊದಲ ಏಟಿಗೇ ಅಪ್ಪ ಕತ್ತು ಓರೆ ಮಾಡಿದರು. ತಮ್ಮದೇ ಸುತ್ತಿಗೆ, ಗುರುತು ಸಿಗದೇ ಇರುತ್ತದೆಯೇ? ಹತ್ತಿರ ಹೋಗಿ ಸ್ಪೀಕರಿನ ಮೇಲೆ ಅಂಗೈ ಇಟ್ಟರು. ಎರಡು, ಮೂರು, ನಾಲ್ಕು. ಮುಖದಲ್ಲಿ ಬೆಳಕು. ಎಷ್ಟೋ ವರ್ಷದ ಹಿಂದೆ ಕಳೆದ ವಸ್ತು ಸಿಕ್ಕಿದ ಹಾಗೆ. ಅವರು ಹಾಗೆ ನಕ್ಕದ್ದನ್ನು ಅಮ್ಮ ಹೋದ ಮೇಲೆ ನಾನು ನೋಡಿರಲಿಲ್ಲ. ಏಳನೆಯದಕ್ಕೆ ಕೈಯನ್ನು ಸುಟ್ಟವರ ಹಾಗೆ ಹಿಂದಕ್ಕೆಳೆದುಕೊಂಡರು. ಹಾಡು ಶುರುವಾಗಿತ್ತು. ಅವರು ನನ್ನ ಕಡೆ ತಿರುಗಿ ಕೇಳಿದ್ದು ಒಂದೇ: "ಯಾವತ್ತಿಂದಿದು?"

ಜನವರಿ ಇಪ್ಪತ್ತು, ಎರಡನೇ ಹಳಿ, ಶುರುವಿನಿಂದ ಎಂದೆ. ಎರಡನೇ ಬೋಗಿ, ಮೂರನೇ ಗಾಲಿ ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಹೊರಟರು. ಓಡಲಿಲ್ಲ. ನಾನೇ ಓಡಬೇಕಾಯಿತು, ಅಷ್ಟು ಬಿರುಸು. ಯಾರ್ಡ್ ಮಾಸ್ತರರ ಕೋಣೆಗೆ ನುಗ್ಗಿ, ಟೋಪಿ ತೆಗೆದು, ನಿಂತರು. ಅಲ್ಲಿ ನಾಲ್ಕಾರು ಜನ ಇದ್ದರು. ಯಾರಿಗೂ ಹೊರಗೆ ಹೋಗಿ ಅನ್ನಲಿಲ್ಲ.

"ಸಾರ್, ಒಂದು ಕೆಟ್ಟ ಗಾಲಿ ಓಡಾಡ್ತಾ ಇದೆ. ಸರಿ ಇದೆ ಅಂತ ಬಿಟ್ಟೋನು ನಾನು. ಎರಡು ವರ್ಷದಿಂದ ನನಗೆ ಕಿವಿ ಸರಿಯಾಗಿ ಕೇಳಲ್ಲ. ಗಾಡಿ ನಿಲ್ಲಿಸಿ."

ಎರಡು ವರ್ಷ! ಸುತ್ತಿಗೆಯ ಹಿಡಿ ಅಂಗೈಯಲ್ಲಿ ಅದುರುವುದನ್ನು ನಂಬಿಕೊಂಡು ಕೆಲಸ ಮಾಡಿದ್ದಾರೆ. ದೊಡ್ಡ ಬಿರುಕು ಕೈಗೆ ಗೊತ್ತಾಗುತ್ತಿತ್ತಂತೆ, ಸಣ್ಣದು ಗೊತ್ತಾಗಲಿಲ್ಲ. ಜನವರಿಯಿಂದ ಆ ಗಾಲಿಯನ್ನು ವಾರ ವಾರ ತಟ್ಟಿ ಸರಿ ಎಂದು ಕಳಿಸಿದ್ದಾರೆ. ಊಟದ ಹೊತ್ತಿಗೆ ನಾನು ಬಿಗುಮಾನ ಅಂದುಕೊಂಡದ್ದು ಬಿಗುಮಾನವಾಗಿರಲಿಲ್ಲ.

ಮಾಸ್ತರರು ಪುಸ್ತಕ ತೆಗೆದು ಬೋಗಿಯ ಸಂಖ್ಯೆ ಹುಡುಕಿದರು, ಫೋನ್ ಹಚ್ಚಿದರು. ಗಾಡಿ ಆಗ ಹೊಳೆಯ ಸೇತುವೆಗೆ ಎರಡು ನಿಲ್ದಾಣ ಹಿಂದೆ ಇತ್ತು. ನಿಲ್ಲಿಸಿದರು. ಅಲ್ಲಿನ ಫಿಟ್ಟರ್ ಗಾಲಿಗೆ ಎಣ್ಣೆ ಸವರಿ, ಒರೆಸಿ, ಸುಣ್ಣದ ಪುಡಿ ಬಳಿದ. ಬಿರುಕಿನೊಳಗೆ ಉಳಿದ ಎಣ್ಣೆ ಒಸರಿ ಬಿಳಿಯ ಮೇಲೆ ಕರಿ ಗೆರೆ ಮೂಡಿತಂತೆ, ನನ್ನ ತೋರುಬೆರಳಿಗಿಂತ ಉದ್ದ, ಅಂಚಿನವರೆಗೆ. ಸೇತುವೆ ದಾಟುತ್ತಿತ್ತೋ ಇಲ್ಲವೋ ಎಂದು ಕೇಳಿದ್ದಕ್ಕೆ ಅವನು ಬೋಗಿಯನ್ನು ಗಾಡಿಯಿಂದ ಕಳಚಲು ಹೇಳಿದನಂತೆ. ಆ ಬೋಗಿಯಲ್ಲಿ ಎಂಬತ್ತೊಂದು ಜನ ಇದ್ದರು. ತಡವಾಯಿತೆಂದು ರೈಲ್ವೆಯವರಿಗೆ ಹಿಡಿ ಶಾಪ ಹಾಕುತ್ತ ಇಳಿದು ಬೇರೆ ಬೋಗಿ ಹತ್ತಿದರಂತೆ.

ಫೋನಿನಲ್ಲಿ ಈ ಸುದ್ದಿ ಬರುವವರೆಗೂ ಅಪ್ಪ ಅಲ್ಲೇ ನಿಂತಿದ್ದರು. ಒಂದು ಪ್ರೇಮದ ಹಾಡು, ನಾಡೆಲ್ಲ ಗುನುಗುವ ಹಾಡು, ಒಂದು ಗಾಡಿಯನ್ನು ನಿಲ್ಲಿಸಿತು. ನಾನು ಇದನ್ನು ಎಷ್ಟು ಸಲ ಯೋಚಿಸಿದರೂ ತಲೆ ಗಿರ್ ಎನ್ನುತ್ತದೆ. ಅಪ್ಪ ಸುತ್ತಿಗೆಯನ್ನು ಮೇಜಿನ ಮೇಲಿಟ್ಟು ಮನೆಗೆ ಬಂದರು. ವಿಚಾರಣೆ ಇಪ್ಪತ್ತೆಂಟಕ್ಕೆ.

ಹಾಡು ಯಾರದು ಎಂದು ದಾರಿಯಲ್ಲಿ ಹೇಳಿದೆ. ಎರಡು ಸಲ, ಜೋರಾಗಿ. ಕೇಳಿಸಿತು.

ಅಕ್ಕ

*

ಜೂನ್ 24

ಅಕ್ಕಾ,

ಹೋಟೆಲಿನವರು ಮುಂದಕ್ಕೆ ಕಳಿಸಿದ ನಿನ್ನ ಕಾಗದವನ್ನು ಬಸ್ಸಿನಲ್ಲಿ ಓದಿದೆ. ಗುಡುಗು ನನ್ನ ಮುಖ ನೋಡಿ ಬಸ್ಸು ನಿಲ್ಲಿಸಿದ. ರಸ್ತೆ ಪಕ್ಕ ಕೂತು ಮತ್ತೆ ಮೊದಲಿನಿಂದ ಓದಿದೆ.

ನಿನಗಾದರೂ ಕಿವಿಯ ಮೇಲೆ ಅನುಮಾನ ಬಂತು. ನನಗೆ ಬರಲೇ ಇಲ್ಲ. ಎಂಟು ತಿಂಗಳು ಸುತ್ತಿಗೆ ಹಿಡಿದವನು, ಸ್ವರದಲ್ಲಿ ಕೂದಲೆಳೆ ಹೆಚ್ಚು ಕಡಿಮೆಯಾದರೂ ಹಿಡಿಯುತ್ತೇನೆಂದು ಜಂಬ ಕೊಚ್ಚುವವನು, ಆ ಸದ್ದನ್ನು ಧ್ವನಿಮುದ್ರಣದ ಕೋಣೆಯಲ್ಲಿ ಇನ್ನೂರು ಸಲ ಕೇಳಿದ್ದೇನೆ. ಬೇರೆ ಯಾರ ಸುತ್ತಿಗೆಯಾಗಿದ್ದರೂ ಕೆಟ್ಟ ಗಾಲಿ ಎಂದು ಕೂಗಿರುತ್ತಿದ್ದೆ. ಅಪ್ಪ ತಪ್ಪುವುದಿಲ್ಲ. ಹಾಗಾಗಿ ಅದು ಬಿರುಕಲ್ಲ, ಪ್ರೀತಿ. ಎಂಥ ತರ್ಕ ನೋಡು. ಎಲ್ಲಿ ಒಡೆದಿದೆ ಎಂದು ಹಾಡು ಬರೆದವನು ನಾನೇ!

ನಿನ್ನೆಯಿಂದ ಆ ಹಾಡನ್ನು ಬಾರಿಸುವುದು ನಿಲ್ಲಿಸಿದ್ದೇನೆ. ಜನ ಕೂಗಿದರು, ಬಾಟಲಿ ಎಸೆದರು. ಗಂಟಲಿಗೂ ನನಗೂ ಜಗಳವಾಯಿತು. ಮುಂದಿನ ಮುದ್ರಣದಲ್ಲಿ ಏಳನೆಯದನ್ನು ತೆಗೆದು ಆರನೆಯದನ್ನು ಅಂಟಿಸಲು ಮೇಷ್ಟ್ರಿಗೆ ಹೇಳುತ್ತೇನೆ. ಅಪ್ಪನ ತಪ್ಪು ಊರೂರಲ್ಲಿ ಮೊಳಗುವುದು ಬೇಡ. ಅವರನ್ನು ಕೇಳು. ನನಗೆ ಕೇಳುವ ಮುಖವಿಲ್ಲ. ಅವರು ಹೂಂ ಅಂದರೆ ಸಾಕು, ನಾಳೆಯೇ ತೆಗೆಸುತ್ತೇನೆ.

ಎದುರಿಗೆ ಬಂದು ನಿಲ್ಲಲು ಧೈರ್ಯವಿಲ್ಲ.

ತಮ್ಮ

*

ಜುಲೈ 3

ತಮ್ಮಾ,

ವಿಚಾರಣೆ ಅರ್ಧ ಗಂಟೆಯಲ್ಲಿ ಮುಗಿಯಿತು. ಅಪ್ಪ ಒಂದು ನೆವವನ್ನೂ ಹೇಳಲಿಲ್ಲ. ಇಲಾಖೆಯ ವಾರ್ಷಿಕ ಕಿವಿ ಪರೀಕ್ಷೆಯ ದಿನ ವೈದ್ಯರ ತುಟಿ ನೋಡಿ ಉತ್ತರ ಕೊಡುತ್ತಿದ್ದುದನ್ನೂ ತಾವಾಗಿಯೇ ಒಪ್ಪಿಕೊಂಡರು. ಸುತ್ತಿಗೆ ಹೋಯಿತು, ತೋಳಿನ ಬಿಲ್ಲೆ ಹೋಯಿತು. ನಿವೃತ್ತಿಗೆ ಉಳಿದ ಏಳು ತಿಂಗಳು ಉಗ್ರಾಣದಲ್ಲಿ ದೀಪ ಒರೆಸಬೇಕು. ಮಾಸ್ತರರು ಆದೇಶ ಓದುವಾಗ ಅಪ್ಪ ನೆಟ್ಟಗೆ ನಿಂತಿದ್ದರು. ಹೊರಗೆ ಬಂದಾಗ ಯಾರ್ಡಿನವರೆಲ್ಲ ಎರಡು ಸಾಲಾಗಿ ನಿಂತಿದ್ದರು. ತಲೆ ತಗ್ಗಿಸಿ ದಾಟಿಬಿಡುತ್ತಾರೆ ಅಂದುಕೊಂಡೆ. ಇಲ್ಲ. ಒಬ್ಬೊಬ್ಬರ ಮುಂದೆಯೂ ನಿಂತು, ತಪ್ಪಾಯಿತು ಎಂದು ಹೇಳುತ್ತ ಹೋದರು. ಇಪ್ಪತ್ತಾರು ಜನಕ್ಕೆ ಇಪ್ಪತ್ತಾರು ಸಲ. ನಾನು ಇಷ್ಟು ದಿನ ಇವರನ್ನು ಬರೀ ಅಪ್ಪ ಅಂದುಕೊಂಡಿದ್ದೆನಲ್ಲ ಎಂದು ಕಣ್ಣು ತುಂಬಿತು.

ಹೊಸದಾಗಿ ಗಾಲಿ ತಟ್ಟಲು ಬರುವವರಿಗೆ ಕೇಳಿಸಲು ಮಾಸ್ತರರು ನಿನ್ನ ಕ್ಯಾಸೆಟ್ ತರಿಸಿದ್ದಾರೆ. ಈಗ ಅದು ಇಲಾಖೆಯ ಸಾಮಾನು, ಬೆನ್ನಿಗೆ ನಂಬರ್ ಬಿದ್ದಿದೆ. ನಿನಗೆ ಬಹುಮಾನ ಕೊಡುವವರು ಯಾರೂ ಇದಕ್ಕಿಂತ ಹೆಚ್ಚಿನದು ಕೊಡಲಾರರು.

ನಿನ್ನ ಕಾಗದವನ್ನು ಅಪ್ಪನಿಗೆ ಓದಲು ಕೊಟ್ಟೆ. ಎರಡು ದಿನ ಜೇಬಿನಲ್ಲಿಟ್ಟುಕೊಂಡು ತಿರುಗಿದರು. ಈಗ ಪೆನ್ನು ಕೇಳುತ್ತಿದ್ದಾರೆ. ಉಳಿದ ಜಾಗ ಅವರಿಗೆ ಬಿಡುತ್ತೇನೆ.

ಅಕ್ಕ

ಮಗನೇ,

ಏಳನೆಯದನ್ನು ತೆಗೆಯಬೇಡ. ತಪ್ಪು ನನ್ನದು, ಅದು ಎಲ್ಲರಿಗೂ ಕೇಳಲಿ. ಎಲ್ಲೋ ಒಬ್ಬ ಗಾಲಿ ತಟ್ಟುವವನು ಕೇಳಿ ಎಚ್ಚರಗೊಂಡರೆ ಒಳ್ಳೆಯದೇ.

ಗುರುತು ಹಿಡಿಯಲಿಲ್ಲ ಎಂದು ಅಳುತ್ತ ಕೂರಬೇಡ. ನಾನು ತಪ್ಪುವುದಿಲ್ಲ ಎಂದು ನಿಮ್ಮಿಬ್ಬರ ತಲೆಯಲ್ಲಿ ತುಂಬಿದವನು ನಾನೇ. ಕೇಳುವುದಿಲ್ಲ ಎಂದು ಎರಡು ವರ್ಷದ ಹಿಂದೆ ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಹೇಳಲು ನಾಚಿಕೆಯಾಯಿತು. ನೀನು ಸುತ್ತಿಗೆ ಬಿಟ್ಟು ಹೋದ ದಿನವೂ ಹೇಳಬೇಕಾದ್ದನ್ನು ಹೇಳದೆ ಸುಮ್ಮನಿದ್ದೆ. ನಿನ್ನ ಕಿವಿ ನನ್ನದಕ್ಕಿಂತ ಚೆನ್ನಾಗಿತ್ತು. ಅದಕ್ಕೇ ಅಷ್ಟು ಸಿಟ್ಟು ಬಂದಿತ್ತು.

ಕ್ಯಾಸೆಟ್ಟನ್ನು ನಿನ್ನೆ ಮೂರು ಸಲ ಹಾಕಿಸಿಕೊಂಡೆ. ತಟ್ಟುವುದು ಕೇಳುತ್ತದೆ. ಕೊನೆಯಲ್ಲಿ ನೀವೆಲ್ಲ ಸೇರಿ ಬಾರಿಸುವುದು ಚೆನ್ನಾಗಿ ಕೇಳುತ್ತದೆ. ನಡುವೆ ಆ ಹುಡುಗ ಮೆತ್ತಗೆ ಏನೋ ಹೇಳುತ್ತಾನೆ, ಅದು ಮಾತ್ರ ನನಗೆ ಕೇಳುವುದಿಲ್ಲ. ನನಗೆ ಬರೆದದ್ದಂತೆ, ಅಕ್ಕ ಹೇಳಿದಳು. ಏನೆಂದು ಕಾಗದದಲ್ಲಿ ಬರೆದು ತೋರಿಸಲು ಬಂದಳು, ಬೇಡ ಎಂದೆ.

ನೀನೇ ಬಂದು ಹೇಳು. ಎಡಗಡೆ ಕೂತು ಹೇಳು, ಬಲಗಿವಿ ಪೂರ್ತಿ ಹೋಗಿದೆ.

ಅಪ್ಪ